ಮೊಮ್ಮಗನ ಪತ್ರಗಳು, ಅಜ್ಜಿಯ ಪುಸ್ತಕ

ಎಂಬತ್ತರ ಇಳಿವಯಸ್ಸಿನಲ್ಲಿ ಅಜ್ಜಿಯೊಬ್ಬರು ಪುಸ್ತಕ ಬರೆದರು. ವ್ರತ-ಪೂಜೆಯ ಪುಸ್ತಕವಲ್ಲ, ತೀರ್ಥಯಾತ್ರೆಯ ಕಥನವೂ ಅಲ್ಲ. ಯುದ್ಧದ ಪುಸ್ತಕ. ನಾನೂರಕ್ಕೂ ಹೆಚ್ಚು ಪುಟಗಳ ಆ ಬಂಗಾಳಿ ಗ್ರಂಥದ ಹೆಸರು ‘ಕಲ್ಯಾಣ್ ಪ್ರದೀಪ್’. ಅಚ್ಚಾದದ್ದು 1928ರಲ್ಲಿ. ಬರೆದವರು ಮೋಕ್ಷದಾ ದೇವಿ. ಅದರಲ್ಲಿರುವುದು ಅವರ ಮೊಮ್ಮಗ, ಸೇನಾ ವೈದ್ಯ ಕ್ಯಾಪ್ಟನ್ ಕಲ್ಯಾಣ್ ಕುಮಾರ್ ಮುಖರ್ಜಿಯ ಕಥೆ. ಮೊದಲ ಮಹಾಯುದ್ಧದಲ್ಲಿ ಶತ್ರುಗಳ ಕೈಗೆ ಸೆರೆಸಿಕ್ಕ ಕಲ್ಯಾಣ್ ಮತ್ತೆ ಮನೆಗೆ ಬರಲಿಲ್ಲ. 1917ರ ಮಾರ್ಚ್‌ನಲ್ಲಿ, ಇಂದಿನ ಸಿರಿಯಾ-ಟರ್ಕಿ ಗಡಿಯಲ್ಲಿರುವ ರಾಸ್ ಅಲ್-ಐನ್ ಎಂಬ ಊರಿನ ಸೆರೆಶಿಬಿರದಲ್ಲಿ ಜ್ವರದಿಂದ ತೀರಿಕೊಂಡರು. ಆಗ ಅವರಿಗೆ ಮೂವತ್ತನಾಲ್ಕು ವರ್ಷ.

ಮನೆಯವರ ಬಳಿ ಉಳಿದದ್ದು ಪತ್ರಗಳು. ಯುದ್ಧಭೂಮಿಯಿಂದ ಮಗ ತಾಯಿಗೆ ಬರೆದ ಆ ಕಾಗದಗಳನ್ನು ಅಜ್ಜಿ ಒಂದೊಂದಾಗಿ ಪುಸ್ತಕದಲ್ಲಿ ಸೇರಿಸಿದರು. ಅವುಗಳ ನಡುವೆ ಆ ಯುದ್ಧ ಎಲ್ಲಿ ನಡೆಯಿತು, ಏಕೆ ನಡೆಯಿತು, ಯಾವ ದಿನ ಏನಾಯಿತು ಎಂಬುದನ್ನೂ ಹೊಂದಿಸಿ ಬರೆದರು.

ನಾನು ಹೈಸ್ಕೂಲಿನಲ್ಲಿ ಸಮಾಜವಿಜ್ಞಾನ ಕಲಿಸುವವಳು. ನಮ್ಮ ಪಾಠದಲ್ಲಿ ಮೊದಲ ಮಹಾಯುದ್ಧವೆಂದರೆ ಸರಾಯೆವೊದಲ್ಲಿ ರಾಜಕುಮಾರನಿಗೆ ಬಿದ್ದ ಗುಂಡು, ಎರಡು ಬಣಗಳು, ವರ್ಸೇಲ್ಸ್ ಒಪ್ಪಂದ. ನಾಲ್ಕು ಅಂಕದ ಒಂದು ಪ್ರಶ್ನೆ, ಎರಡು ಅಂಕದ ಒಂದು ಪ್ರಶ್ನೆ. ಈ ಅಜ್ಜಿ-ಮೊಮ್ಮಗನ ವಿಷಯ ನನಗೆ ತಿಳಿದದ್ದು ಕಾದಂಬರಿಕಾರ ಅಮಿತಾವ್ ಘೋಷ್ ಹಾಗೂ ಸಂಶೋಧಕ ಶಂತನು ದಾಸ್ ಅವರ ಬರಹಗಳಿಂದ. ಮರೆತೇಹೋಗಿದ್ದ ಈ ಪುಸ್ತಕವನ್ನು ಮತ್ತೆ ಬೆಳಕಿಗೆ ತಂದವರು ಅವರು. ಓದಿದ ಮೇಲೆ, ಆ ಪಾಠವನ್ನು ಹಿಂದಿನಂತೆ ಹೇಳಿ ಮುಗಿಸಲು ನನ್ನಿಂದ ಆಗಿಲ್ಲ.

ಡಾಕ್ಟರು ಯುದ್ಧಕ್ಕೆ ಹೋದದ್ದು

ಮೋಕ್ಷದಾ ದೇವಿ ಸಾಮಾನ್ಯ ಅಜ್ಜಿಯಲ್ಲ. ಹುಟ್ಟಿದ್ದು 1848ರಲ್ಲಿ. ಹೆಣ್ಣುಮಕ್ಕಳು ಅಕ್ಷರ ಕಲಿಯುವುದೇ ಅಪರೂಪವಾಗಿದ್ದ ಆ ಕಾಲದಲ್ಲಿ ಕವಿತೆ ಬರೆದವರು, 1870ರಲ್ಲೇ ‘ಬಂಗ ಮಹಿಳಾ’ ಎಂಬ ಪತ್ರಿಕೆಯನ್ನು ಸಂಪಾದಿಸಿದವರು. 1885ರಲ್ಲಿ ಭಾರತೀಯ ರಾಷ್ಟ್ರೀಯ ಕಾಂಗ್ರೆಸ್ಸಿನ ಮೊದಲ ಅಧ್ಯಕ್ಷರಾದ ಡಬ್ಲ್ಯು.ಸಿ. ಬ್ಯಾನರ್ಜಿ ಇವರ ಸಹೋದರ. ಅಂಥ ಮನೆತನದಲ್ಲಿ ಬೆಳೆದ ಕಲ್ಯಾಣ್, ವೈದ್ಯಕೀಯ ಓದಿ, ಇಂಗ್ಲೆಂಡಿಗೂ ಹೋಗಿ ಕಲಿತು, ಇಂಡಿಯನ್ ಮೆಡಿಕಲ್ ಸರ್ವಿಸ್ ಸೇರಿದರು. ಈ ಸೇವೆಯ ಪ್ರವೇಶ ಪರೀಕ್ಷೆ ಆಗ ನಡೆಯುತ್ತಿದ್ದದ್ದು ಲಂಡನ್ನಿನಲ್ಲಿ. ಅದರಲ್ಲಿ ಗೆದ್ದ ಭಾರತೀಯನಿಗೆ ಅಧಿಕಾರಿಯ ಹುದ್ದೆ, ಒಳ್ಳೆಯ ಸಂಬಳ, ಗೌರವ ಎಲ್ಲ ಇತ್ತು. ಯುದ್ಧ ಶುರುವಾದರೆ ಸೇನೆಯ ಜೊತೆ ಹೊರಡಲೇಬೇಕಾದ ಕಟ್ಟುಪಾಡೂ ಇತ್ತು.

1914ರಲ್ಲಿ ಯುದ್ಧ ಶುರುವಾಯಿತು. ಯೂರೋಪಿನ ಜಗಳಕ್ಕೆ ಭಾರತದಿಂದ ಹೋದವರು ಹತ್ತು ಲಕ್ಷಕ್ಕೂ ಹೆಚ್ಚು ಜನ. ಫ್ರಾನ್ಸ್, ಈಜಿಪ್ಟ್, ಪೂರ್ವ ಆಫ್ರಿಕಾ, ಗ್ಯಾಲಿಪೊಲಿ ಎಂದು ಎಲ್ಲೆಲ್ಲಿಗೋ ಹೋದರು. ಅತಿ ಹೆಚ್ಚು ಭಾರತೀಯರು ಹೋದದ್ದು ಮೆಸೊಪೊಟೇಮಿಯಾಕ್ಕೆ, ಅಂದರೆ ಇಂದಿನ ಇರಾಕಿಗೆ. ಆಗ ಅದು ಟರ್ಕಿಯ ಆಟೊಮನ್ ಸಾಮ್ರಾಜ್ಯದ ಭಾಗ. ಟರ್ಕಿ ಜರ್ಮನಿಯ ಕಡೆ ಸೇರಿತ್ತು. ಪಕ್ಕದ ಪರ್ಷಿಯಾದ ಅಬಾದಾನಿನಲ್ಲಿ ಬ್ರಿಟಿಷರ ಎಣ್ಣೆ ಶುದ್ಧೀಕರಣ ಘಟಕವಿತ್ತು. ಬ್ರಿಟಿಷ್ ನೌಕಾಪಡೆ ಕಲ್ಲಿದ್ದಲು ಬಿಟ್ಟು ಎಣ್ಣೆಗೆ ಬದಲಾಗುತ್ತಿದ್ದ ಹೊತ್ತು ಅದು. ಆ ಎಣ್ಣೆಯನ್ನು ಕಾಯಲು 1914ರ ನವೆಂಬರಿನಲ್ಲಿ ಭಾರತದ ಸೇನೆ ಬಸ್ರಾದಲ್ಲಿ ಇಳಿಯಿತು. ಕಾಯುವುದಕ್ಕೆಂದು ಹೋದ ಸೇನೆ ಟೈಗ್ರಿಸ್ ನದಿಯ ಗುಂಟ ಮೇಲೆ ಮೇಲೆ ಹೋಯಿತು. ಒಂದು ಊರು ಗೆದ್ದರೆ ಇನ್ನೊಂದು, ಅದನ್ನು ಗೆದ್ದರೆ ಮತ್ತೊಂದು. ಕೊನೆಗೆ ಬಾಗ್ದಾದ್ ಎಂಬ ಆಸೆ.

ಕ್ಯಾಪ್ಟನ್ ಮುಖರ್ಜಿ ಈ ಸೇನೆಯನ್ನು ಸೇರಿಕೊಂಡದ್ದು 1915ರಲ್ಲಿ. ಬೇಸಿಗೆಯಲ್ಲಿ ನೆರಳಿಲ್ಲದ ಬಯಲು, ನೆರೆ ಬಂದರೆ ಸೊಂಟಮಟ್ಟ ನೀರು, ಸೊಳ್ಳೆ, ನೊಣ, ಜ್ವರ, ಭೇದಿ. ಗುಂಡೇಟಿಗಿಂತ ರೋಗವೇ ಹೆಚ್ಚು ಜನರನ್ನು ಕೆಡವುತ್ತಿದ್ದ ಆ ರಣರಂಗದಲ್ಲಿ ಡಾಕ್ಟರಿಗೆ ಬಿಡುವು ಎಂಬುದು ಇರಲಿಲ್ಲ.

ಅಮ್ಮನಿಗೆ ಬರೆದದ್ದು

ಯುದ್ಧಕ್ಕೆ ಹೋದ ಮಗ ಅಮ್ಮನಿಗೆ ಏನು ಬರೆಯುತ್ತಾನೆ? ಕ್ಷೇಮ, ಊಟ ಚೆನ್ನಾಗಿದೆ, ಚಿಂತೆ ಬೇಡ ಎಂದು. ಎಲ್ಲ ದೇಶದ ಸೈನಿಕರ ಪತ್ರಗಳೂ ಶುರುವಾಗುವುದು ಹಾಗೆಯೇ. ಕಲ್ಯಾಣರ ಪತ್ರಗಳಲ್ಲಿ ಅದಕ್ಕಿಂತ ಹೆಚ್ಚಿನದೂ ಇತ್ತು. ಗೆದ್ದ ಯುದ್ಧದ ಮರುದಿನ ಆಸ್ಪತ್ರೆಯ ಡೇರೆಯಲ್ಲಿ ಕಾಣುವುದು ಗೆಲುವಲ್ಲ ಎಂಬುದನ್ನು ಅವರು ಕಣ್ಣಾರೆ ಕಂಡಿದ್ದರು, ಕಂಡದ್ದನ್ನು ಬರೆದರು.

1915ರ ಅಕ್ಟೋಬರಿನ ಒಂದು ಪತ್ರವಂತೂ ಇಂದಿಗೂ ಬೆರಗು ಹುಟ್ಟಿಸುತ್ತದೆ. ಕುತ್ ಎಂಬ ಪಟ್ಟಣವನ್ನು ಸೇನೆ ಗೆದ್ದು ಇನ್ನೂ ತಿಂಗಳಾಗಿರಲಿಲ್ಲ. ಎಲ್ಲೆಡೆ ಜಯದ ಹುಮ್ಮಸ್ಸು. ಆ ಹೊತ್ತಿನಲ್ಲಿ, ಬ್ರಿಟಿಷ್ ಸೇನೆಯ ಸಮವಸ್ತ್ರ ತೊಟ್ಟ ಈ ಅಧಿಕಾರಿ, ಇಂಗ್ಲಿಷರು ನಮಗೆಲ್ಲ ಪಾಠ ಹೇಳಿಕೊಟ್ಟ ದೇಶಭಕ್ತಿಯನ್ನೇ ಪ್ರಶ್ನಿಸಿದರು. ದೇಶಭಕ್ತಿ ಎಂದರೆ ಇನ್ನೊಬ್ಬರ ನೆಲ ಕಿತ್ತುಕೊಳ್ಳುವುದು ಎಂದಾದರೆ, ಇಷ್ಟೆಲ್ಲ ರಕ್ತ ಹರಿಯುವುದಕ್ಕೆ ಆ ದೇಶಭಕ್ತಿಯೇ ಕಾರಣ ಎಂಬುದು ಅವರ ಮಾತಿನ ತಿರುಳು. ಕೂಗಾಡದೆ, ಅಮ್ಮನ ಎದುರು ಕೂತು ಮಾತಾಡಿದಂತೆ ಬರೆದ ಮಾತು.

ಇದರ ತೂಕ ತಿಳಿಯಬೇಕಾದರೆ ಆ ಕಾಲದಲ್ಲಿ ಸೈನಿಕರ ಅಂಚೆಗೆ ಏನಾಗುತ್ತಿತ್ತು ಎಂಬುದು ಗೊತ್ತಿರಬೇಕು. ಫ್ರಾನ್ಸಿನಲ್ಲಿದ್ದ ಭಾರತೀಯ ಸಿಪಾಯಿಗಳ ಪತ್ರಗಳನ್ನು ಓದಿ ನೋಡಲೆಂದೇ ಸರ್ಕಾರ ಒಂದು ಕಚೇರಿ ತೆರೆದಿತ್ತು. ಭಾಷೆ ಬಲ್ಲ ಅಧಿಕಾರಿಗಳು ಪತ್ರ ಒಡೆದು ಓದುತ್ತಿದ್ದರು, ಬೇಡದ್ದನ್ನು ತಡೆಹಿಡಿಯುತ್ತಿದ್ದರು, ಮುಖ್ಯವಾದದ್ದನ್ನು ಇಂಗ್ಲಿಷಿಗೆ ಇಳಿಸಿ ಮೇಲಿನವರಿಗೆ ಕಳಿಸುತ್ತಿದ್ದರು. ಹಾಗೆ ಇಳಿಸಿದ ಸಾವಿರಾರು ತುಣುಕುಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಇಂದಿಗೂ ಇವೆ. ಮೂಲ ಪತ್ರಗಳಲ್ಲಿ ಬಹುಪಾಲು ಕಳೆದುಹೋಗಿವೆ. ಕಣ್ಗಾವಲಿಗೆಂದು ಮಾಡಿದ ನಕಲೇ ಇಂದು ನಮಗೆ ಆ ಸಿಪಾಯಿಗಳ ದನಿಯನ್ನು ಕೇಳಿಸುತ್ತಿದೆ.

ಸಿಪಾಯಿಗಳೂ ಸುಮ್ಮನಿರಲಿಲ್ಲ. ಮನೆಯವರಿಗೆ ಮಾತ್ರ ತಿಳಿಯುವಂತೆ ಗುಟ್ಟಿನ ಮಾತು ಬಳಸುತ್ತಿದ್ದರು. ‘ಕರಿಮೆಣಸು ಮುಗಿಯುತ್ತ ಬಂತು, ಕೆಂಪು ಮೆಣಸು ಹಾಗೇ ಇದೆ’ ಎಂಬ ಧಾಟಿಯಲ್ಲಿ ಬರೆಯುತ್ತಿದ್ದರು. ಕರಿಮೆಣಸು ಎಂದರೆ ಭಾರತೀಯ ಸೈನಿಕರು, ಕೆಂಪು ಮೆಣಸು ಎಂದರೆ ಬ್ರಿಟಿಷರು. ಓದುಬರಹ ಬಾರದವರು ಜೊತೆಗಾರರಿಂದ ಬರೆಸುತ್ತಿದ್ದರು. ಊರಲ್ಲಿ ಆ ಪತ್ರವನ್ನು ಮೇಷ್ಟರೋ ಪೋಸ್ಟ್‌ಮನ್ನೋ ಓದಿ ಹೇಳುತ್ತಿದ್ದರು. ಗಂಡ ಹೆಂಡತಿಗೆ ಬರೆದ ಒಂದು ಮಾತು ನಾಲ್ಕು ಜನರ ಬಾಯಿ ದಾಟಿ ಅವಳ ಕಿವಿ ಮುಟ್ಟುತ್ತಿತ್ತು. ಅಂಥ ಕಾಲದಲ್ಲಿ ಕಲ್ಯಾಣರ ಪತ್ರಗಳು ಹರಿಯದೆ, ಬದಲಾಗದೆ ಮನೆ ಸೇರಿದ್ದು ದೊಡ್ಡ ಸಂಗತಿ. ಮನೆಯವರು ಅವನ್ನು ಕಾಪಾಡಿಕೊಂಡದ್ದು ಇನ್ನೂ ದೊಡ್ಡ ಸಂಗತಿ.

ಕುತ್ ಎಂಬ ಕುತ್ತು

1915ರ ನವೆಂಬರ್ 22. ಬಾಗ್ದಾದಿಗೆ ಹತ್ತಿರದ ಟೆಸಿಫೋನ್ ಎಂಬಲ್ಲಿ, ಪುರಾತನ ಅರಮನೆಯೊಂದರ ಭಾರೀ ಕಮಾನಿನ ಆಸುಪಾಸಿನಲ್ಲಿ ಕಾಳಗ ನಡೆಯಿತು. ಜನರಲ್ ಟೌನ್‌ಶೆಂಡ್‌ನ ಸೇನೆಯಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಮಂದಿ ಸತ್ತರು ಇಲ್ಲವೇ ಗಾಯಗೊಂಡರು. ಗಾಯಾಳುಗಳನ್ನು ಸಾಗಿಸಲು ಸರಿಯಾದ ಗಾಡಿಗಳಿರಲಿಲ್ಲ. ಸ್ಪ್ರಿಂಗ್ ಇಲ್ಲದ ಹೇಸರಗತ್ತೆ ಗಾಡಿಗಳಲ್ಲಿ, ಮುರಿದ ಮೂಳೆಗಳೊಂದಿಗೆ, ಒಬ್ಬರ ಪಕ್ಕ ಒಬ್ಬರನ್ನು ತುಂಬಿದರು. ಆಮೇಲೆ ಈ ಕುರಿತು ಲಂಡನ್ನಿನಲ್ಲಿ ದೊಡ್ಡ ವಿಚಾರಣೆಯೇ ನಡೆಯಿತು. 1917ರಲ್ಲಿ ವರದಿ ಹೊರಬಂದಾಗ ಭಾರತದ ವ್ಯವಹಾರ ನೋಡಿಕೊಳ್ಳುತ್ತಿದ್ದ ಬ್ರಿಟಿಷ್ ಮಂತ್ರಿ ರಾಜೀನಾಮೆ ಕೊಡಬೇಕಾಯಿತು.

ಸೋತ ಸೇನೆ ಹಿಂದಕ್ಕೆ ಸರಿದು, ನದಿಯ ತಿರುವಿನಲ್ಲಿರುವ ಕುತ್ ಪಟ್ಟಣ ಸೇರಿತು. ಡಿಸೆಂಬರ್ 7ರಂದು ಟರ್ಕಿಯ ಸೇನೆ ಸುತ್ತುವರಿಯಿತು. ಅಲ್ಲಿಂದ 147 ದಿನ ಒಳಗಿದ್ದವರು ಹೊರಬರಲಿಲ್ಲ, ಹೊರಗಿದ್ದವರು ಒಳಹೋಗಲಿಲ್ಲ. ಆ ಊರು ಹೆಸರಿಗೆ ತಕ್ಕ ಕುತ್ತೇ ಆಯಿತು.

ದಿನದಿನಕ್ಕೂ ಪಡಿತರ ಕಡಿಮೆಯಾಯಿತು. ಸೇನೆಯ ಕುದುರೆಗಳನ್ನೇ ಕೊಂದು ತಿನ್ನತೊಡಗಿದರು. ಭಾರತೀಯ ಸೈನಿಕರಲ್ಲಿ ಹಲವರು ಕುದುರೆ ಮಾಂಸ ಮುಟ್ಟಲಿಲ್ಲ. ತಿಂದರೆ ಊರಿನಲ್ಲಿ ಜಾತಿಯಿಂದ ಹೊರಗಿಟ್ಟಾರು, ಮಗಳಿಗೆ ಗಂಡು ಸಿಗಲಿಕ್ಕಿಲ್ಲ ಎಂಬ ಅಂಜಿಕೆ. ಧರ್ಮಗುರುಗಳಿಂದ ‘ತಿನ್ನಬಹುದು’ ಎಂಬ ಸಂದೇಶ ತರಿಸಬೇಕಾಯಿತು. ಅಷ್ಟರಲ್ಲಿ ಹಸಿ ತರಕಾರಿಯಿಲ್ಲದೆ ಬರುವ ಸ್ಕರ್ವಿ ರೋಗ ಹಬ್ಬಿತ್ತು. ವಸಡು ಬಾತು ರಕ್ತ ಸೋರುವ, ಹಳೆಯ ಗಾಯಗಳು ಮತ್ತೆ ಬಾಯಿಬಿಡುವ ರೋಗ ಅದು. ಒಂದು ನಿಂಬೆಹಣ್ಣು ಸಿಕ್ಕಿದ್ದರೆ ತಡೆಯಬಹುದಾಗಿದ್ದ ರೋಗ.

ಮಕ್ಕಳಿಗೆ ಹೇಳಿದರೆ ಕಣ್ಣರಳಿಸುವ ಒಂದು ಸಂಗತಿ ಇಲ್ಲಿದೆ. ಗೋಧಿ ಇತ್ತು, ಬೀಸಲು ಸಾಕಷ್ಟು ಕಲ್ಲಿರಲಿಲ್ಲ. ಆಗ ವಿಮಾನದಿಂದ ಬೀಸುಕಲ್ಲನ್ನೇ ಇಳಿಬಿಟ್ಟರು! ಏಪ್ರಿಲಿನಲ್ಲಿ ಮೂಟೆಗಟ್ಟಲೆ ಆಹಾರವನ್ನೂ ಮೇಲಿನಿಂದ ಎಸೆದರು. ಸುತ್ತುವರಿದ ಜನರಿಗೆ ವಿಮಾನದಿಂದ ಆಹಾರ ಹಾಕಿದ ಮೊದಮೊದಲ ಪ್ರಯತ್ನಗಳಲ್ಲಿ ಇದೊಂದು. ಆಗಿನ ಪುಟ್ಟ ವಿಮಾನಗಳು ಹೊರುತ್ತಿದ್ದದ್ದಾದರೂ ಎಷ್ಟು? ಹಸಿದವರ ಸಂಖ್ಯೆ ಸಾವಿರಾರು. ಬಿಡಿಸಿಕೊಳ್ಳಲು ಬಂದ ಸೇನೆಯಲ್ಲೇ ಇಪ್ಪತ್ತು ಸಾವಿರಕ್ಕೂ ಹೆಚ್ಚು ಮಂದಿ ಸತ್ತರು, ಗಾಯಗೊಂಡರು. ಲಕ್ಷಾಂತರ ಪೌಂಡ್ ಹಣ ಕೊಡುತ್ತೇವೆ, ಬಿಟ್ಟುಬಿಡಿ ಎಂದೂ ಬ್ರಿಟಿಷರು ಕೇಳಿ ನೋಡಿದರು. ಆಗಲಿಲ್ಲ. 1916ರ ಏಪ್ರಿಲ್ 29ರಂದು ಕುತ್ ಶರಣಾಯಿತು. ಸುಮಾರು 13,000 ಮಂದಿ ಸೆರೆಸಿಕ್ಕರು. ಅವರಲ್ಲಿ ಹೆಚ್ಚಿನವರು ಭಾರತೀಯರು. ಕ್ಯಾಪ್ಟನ್ ಕಲ್ಯಾಣ್ ಮುಖರ್ಜಿಯೂ ಅವರಲ್ಲೊಬ್ಬರು.

ರಾಸ್ ಅಲ್-ಐನ್

ಸೆರೆಯಾದ ಮೇಲೆ ದಾರಿಗಳು ಬೇರೆಬೇರೆಯಾದವು. ಜನರಲ್ ಟೌನ್‌ಶೆಂಡ್ ಕಾನ್‌ಸ್ಟಾಂಟಿನೋಪಲ್ ಬಳಿಯ ದ್ವೀಪದ ಮನೆಯೊಂದರಲ್ಲಿ ಅತಿಥಿಯಂತೆ ಸುಖವಾಗಿ ಕಾಲ ಕಳೆದರು. ಅವರ ಮುದ್ದಿನ ನಾಯಿಯನ್ನು ಟರ್ಕಿಯವರು ಜೋಪಾನವಾಗಿ ಬಸ್ರಾಕ್ಕೆ ಕಳಿಸಿಕೊಟ್ಟರು. ಸಾಮಾನ್ಯ ಸೈನಿಕರು ಮಾತ್ರ ನಡೆದರು. ಐದು ತಿಂಗಳ ಉಪವಾಸದ ದೇಹ, ಬಿಸಿಲು, ಕಲ್ಲಿನಂಥ ಬಿಸ್ಕತ್ತು. ಬಾಗ್ದಾದ್, ಸಮಾರಾ, ಮೋಸುಲ್ ದಾಟಿ ನೂರಾರು ಕಿಲೋಮೀಟರ್ ನಡಿಗೆ. ತುತ್ತು ಅನ್ನಕ್ಕಾಗಿ ಬಟ್ಟೆ ಮಾರಿದರು, ಕಾಲಿನ ಬೂಟು ಮಾರಿದರು. ಕುಸಿದು ಬಿದ್ದವರು ಅಲ್ಲೇ ಉಳಿದರು.

ಬದುಕಿ ಉಳಿದ ಭಾರತೀಯ ಸೈನಿಕರಲ್ಲಿ ಹಲವರನ್ನು ರಾಸ್ ಅಲ್-ಐನ್‌ಗೆ ತಂದರು. ಜರ್ಮನರು ಕಟ್ಟಿಸುತ್ತಿದ್ದ ಬಾಗ್ದಾದ್ ರೈಲುಹಾದಿ ಆಗ ಅಲ್ಲಿಯವರೆಗೆ ಬಂದಿತ್ತು. ಅದನ್ನು ಮುಂದುವರಿಸಲು ಕೂಲಿಯಾಳುಗಳು ಬೇಕಿದ್ದರು. ಕೈದಿಗಳೇ ಕೂಲಿಗಳಾದರು. ಅದೇ ಊರಿನ ಸುತ್ತ ಆ ವರ್ಷ ಆರ್ಮೇನಿಯನ್ ಜನರ ಮೇಲೆ ಭೀಕರ ಹತ್ಯಾಕಾಂಡ ನಡೆದಿತ್ತು. ಮನೆಮಠ ಕಳೆದುಕೊಂಡು ಅಲೆಯುತ್ತಿದ್ದ ಹೆಂಗಸರು, ಅನಾಥ ಮಕ್ಕಳು ನಮ್ಮ ಸೈನಿಕರ ಕಣ್ಣಿಗೆ ಬಿದ್ದರು. ತಾವೇ ಹಸಿದಿದ್ದವರು ಇನ್ನೂ ಹಸಿದವರನ್ನು ಕಂಡರು.

ಇಂಥ ಕಡೆ ಡಾಕ್ಟರಾಗಿರುವುದೆಂದರೆ ಏನು? ಔಷಧಿಯಿಲ್ಲ, ಹಾಸಿಗೆಯಿಲ್ಲ. ಹೇನಿನಿಂದ ಹರಡುವ ಟೈಫಸ್ ಜ್ವರ ಒಬ್ಬರಿಂದ ಒಬ್ಬರಿಗೆ ದಾಟುತ್ತಿತ್ತು. ರೋಗಿಯ ಹತ್ತಿರ ಹೋಗುವುದೇ ಅಪಾಯ. ಹೋಗದಿದ್ದರೆ ಡಾಕ್ಟರು ಏಕೆ? ಹತ್ತು ತಿಂಗಳ ಸೆರೆವಾಸದ ಬಳಿಕ ಕಲ್ಯಾಣರಿಗೂ ಜ್ವರ ಬಂತು. ಅವರು ಏಳಲಿಲ್ಲ.

ಬೂಟಿನೊಳಗಿನ ಡೈರಿ

ಅದೇ ಸೆರೆಶಿಬಿರದಲ್ಲಿ ಇನ್ನೊಬ್ಬ ಬಂಗಾಳಿ ಯುವಕನಿದ್ದ. ಹೆಸರು ಶಿಶಿರ್ ಪ್ರಸಾದ್ ಸರ್ವಾಧಿಕಾರಿ. ಗಾಯಾಳುಗಳ ಸೇವೆಗೆಂದು ಸ್ವಯಂಸೇವಕನಾಗಿ ಬೆಂಗಾಲ್ ಆಂಬುಲೆನ್ಸ್ ಕೋರ್ ಸೇರಿದ್ದವನು. ಅವನ ಬಳಿ ಒಂದು ಡೈರಿ ಇತ್ತು. ಕೈದಿಯ ಬಳಿ ಬರಹ ಸಿಕ್ಕರೆ ಶಿಕ್ಷೆ ತಪ್ಪದು. ಕುತ್ ಶರಣಾದಾಗ ಅವನು ಡೈರಿಯ ಹಾಳೆಗಳನ್ನು ಹರಿದು ಬೂಟಿನೊಳಗೆ ತುರುಕಿಕೊಂಡ. ಬಾಗ್ದಾದಿನಲ್ಲಿ ಆ ಚೂರುಗಳನ್ನು ನೋಡಿ ಹೊಸದಾಗಿ ಬರೆದುಕೊಂಡ. ನದಿಯನ್ನು ಕಾಲ್ನಡಿಗೆಯಲ್ಲಿ ದಾಟುವಾಗ ಅದೂ ನೆನೆಯಿತು. ಕಾಪಿಯಿಂಗ್ ಪೆನ್ಸಿಲಿನಲ್ಲಿ ಬರೆದಿದ್ದರಿಂದ ಅಕ್ಷರ ಪೂರ್ತಿ ಅಳಿಯಲಿಲ್ಲ. ನೀರು ತಾಗಿದರೆ ಶಾಯಿಯಂತೆ ಕಚ್ಚಿಕೊಳ್ಳುವ ನೇರಳೆ ಬಣ್ಣದ ಪೆನ್ಸಿಲ್ ಅದು. ನಮ್ಮ ತಾತಂದಿರ ಕಾಲದ ಕಚೇರಿಗಳಲ್ಲೂ ಇತ್ತು. ರಾಸ್ ಅಲ್-ಐನ್‌ನಲ್ಲಿ ಕೆಲವು ದಿನ ಡೈರಿಯನ್ನು ಮಣ್ಣಿನಲ್ಲಿ ಹೂತಿಟ್ಟ. ಆಮೇಲೆ ಅಲೆಪ್ಪೊ ಆಸ್ಪತ್ರೆಯಲ್ಲಿ ಕೆಲಸ ಮಾಡುವಾಗ ಮತ್ತೊಮ್ಮೆ ನಕಲು ಮಾಡಿದ.

ಶಿಶಿರ್ ಬದುಕಿ ಊರಿಗೆ ಮರಳಿದರು. ಆ ಡೈರಿಯ ಆಧಾರದ ಮೇಲೆ ನಾಲ್ಕು ದಶಕಗಳ ಬಳಿಕ ‘ಅಭಿ ಲೇ ಬಾಗ್ದಾದ್’ ಎಂಬ ಪುಸ್ತಕ ಹೊರತಂದರು. ‘ಈಗಲೇ ಬಾಗ್ದಾದ್ ಹಿಡಿ’ ಎಂದು ಅದರ ಅರ್ಥ. ಬೂಟನ್ನೇ ಮಾರಿ ರೊಟ್ಟಿ ಕೊಳ್ಳುತ್ತಿದ್ದ ಜನರ ನಡುವೆ, ಬೂಟಿನೊಳಗೆ ಕಾಗದ ಬಚ್ಚಿಟ್ಟುಕೊಂಡು ನಡೆದವನ ಹಟ ಎಂಥದ್ದಿರಬೇಕು!

ಒಡೆದ ಕನ್ನಡಕ, ಕಂಚಿನ ಬಿಲ್ಲೆ

ಪತ್ರಗಳಲ್ಲದೆ ಇನ್ನೂ ಕೆಲವು ವಸ್ತುಗಳು ಮಾತಾಡುತ್ತವೆ. ಕೋಲ್ಕತ್ತಾ ಬಳಿಯ ಚಂದನನಗರದ ವಸ್ತುಸಂಗ್ರಹಾಲಯದಲ್ಲಿ ಒಂದು ಒಡೆದ ಕನ್ನಡಕವಿದೆ, ಅದರ ಮೇಲೆ ರಕ್ತದ ಕಲೆಯಿದೆ. ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಎಂಜಿನಿಯರಿಂಗ್ ಓದಿ, ಅಲ್ಲಿಯ ಸೇನೆಗೆ ಸಾಮಾನ್ಯ ಸೈನಿಕನಾಗಿ ಸೇರಿ, 1916ರ ಮೇ ತಿಂಗಳಲ್ಲಿ ಫ್ರಾನ್ಸಿನಲ್ಲಿ ಮಡಿದ ಜೋಗೇಂದ್ರನಾಥ ಸೇನ್ ಅವರದು. ಆತ ಕೈದಿಯಾಗಿರಲಿಲ್ಲ. ಆದರೂ ಒಂದು ಕನ್ನಡಕ ಸಮುದ್ರ ದಾಟಿ ಊರು ಸೇರಿ, ನೂರು ವರ್ಷ ಕಾದು, ತನ್ನ ಒಡೆಯನ ಕಥೆಯನ್ನು ಹೇಳುತ್ತಿದೆ.

ಯುದ್ಧ ಮುಗಿದ ಮೇಲೆ ಬ್ರಿಟಿಷ್ ಸರ್ಕಾರ ಮಡಿದವರ ಮನೆಗಳಿಗೆ ಒಂದು ಕಂಚಿನ ಬಿಲ್ಲೆ ಕಳಿಸಿತು. ಅಂಗೈಗಿಂತ ದೊಡ್ಡದು, ಹನ್ನೆರಡು ಸೆಂಟಿಮೀಟರ್ ಅಗಲ. ಸಾಮ್ರಾಜ್ಯದಾದ್ಯಂತ ಹದಿಮೂರು ಲಕ್ಷಕ್ಕೂ ಹೆಚ್ಚು ಬಿಲ್ಲೆಗಳನ್ನು ಎರಕ ಹೊಯ್ದರು. ಜನ ಅದಕ್ಕೆ ‘ಸತ್ತವನ ಕಾಸು’ ಎಂದು ಹೆಸರಿಟ್ಟರು. ಅದರ ಮೇಲೆ ಹೆಸರಷ್ಟೇ ಇರುತ್ತಿತ್ತು, ಹುದ್ದೆ ಇರುತ್ತಿರಲಿಲ್ಲ. ಸತ್ತ ಮೇಲೆ ಜನರಲ್ಲೂ ಸಿಪಾಯಿಯೂ ಒಂದೇ ಎಂಬ ಭಾವ.

ಕಲ್ಲಿನ ಸ್ಮಾರಕಗಳು ಹಾಗೆ ಹೇಳಲಿಲ್ಲ. ಮೆಸೊಪೊಟೇಮಿಯಾದಲ್ಲಿ ಸತ್ತು, ಸಮಾಧಿ ಗುರುತಿಲ್ಲದವರಿಗಾಗಿ ಬಸ್ರಾದಲ್ಲಿ ಕಟ್ಟಿದ ಸ್ಮಾರಕ ನಲವತ್ತು ಸಾವಿರಕ್ಕೂ ಹೆಚ್ಚು ಮಂದಿಯದು. ಅಲ್ಲಿ ಬ್ರಿಟಿಷ್ ಸೈನಿಕರ ಹೆಸರುಗಳನ್ನು ಒಂದೊಂದಾಗಿ ಕೆತ್ತಿದರು. ಭಾರತೀಯರಲ್ಲಿ ಅಧಿಕಾರಿಗಳಿಗೆ ಮಾತ್ರ ಹೆಸರು, ಸಿಪಾಯಿಗಳಿಗೆ ಇಂಥ ರೆಜಿಮೆಂಟಿನ ಇಷ್ಟು ಮಂದಿ ಎಂಬ ಅಂಕಿ. ಈ ತಾರತಮ್ಯವನ್ನು ಕಾಮನ್‌ವೆಲ್ತ್ ಯುದ್ಧಸ್ಮಾರಕ ಆಯೋಗ ಒಪ್ಪಿಕೊಂಡು ಕ್ಷಮೆ ಕೇಳಿದ್ದು 2021ರಲ್ಲಿ.

ಆ ಅಂಕಿಗಳಲ್ಲಿ ನಮ್ಮ ನೆರೆಯವರೂ ಇದ್ದಾರೆ. ಕುತ್‌ನಲ್ಲಿ ಸಿಕ್ಕಿಬಿದ್ದ ಸೇನೆಯಲ್ಲಿ 103, 110 ಮತ್ತು 117ನೆಯ ಮರಾಠಾ ಪಡೆಗಳಿದ್ದವು. ಇಂದು ಬೆಳಗಾವಿಯಲ್ಲಿ ಕೇಂದ್ರ ಹೊಂದಿರುವ ಮರಾಠಾ ಲಘು ಪದಾತಿದಳದ ಹಿರಿಯರೇ ಇವರು. ಹೈಫಾದಲ್ಲಿ ಕುದುರೆಯೇರಿ ಗೆದ್ದ ಮೈಸೂರು ಲ್ಯಾನ್ಸರ್ಸ್ ನೆನಪಿಗೆ ಬೆಂಗಳೂರಿನ ಜಯಚಾಮರಾಜೇಂದ್ರ ನಗರದಲ್ಲಿ ಸ್ಮಾರಕವಿದೆ. ಗೆದ್ದವರನ್ನು ನೆನೆಯುವುದು ಸುಲಭ. ಸೋತು, ಸೆರೆಯಾಗಿ, ರೈಲುಹಾದಿಯ ಕಲ್ಲು ಹೊತ್ತು ಸತ್ತವರನ್ನು ನೆನೆಯುವುದಕ್ಕೆ ಕಾಗದಗಳೇ ಬೇಕಾಗುತ್ತವೆ.

ಅಂಥ ಕಾಗದಗಳ ಬೆಟ್ಟವೇ ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿದೆ. ಯುದ್ಧ ಶುರುವಾದ ತಿಂಗಳಲ್ಲೇ ರೆಡ್‌ಕ್ರಾಸ್ ಸಂಸ್ಥೆ ಅಲ್ಲಿ ಸೆರೆಯಾಳುಗಳ ಮಾಹಿತಿ ಕಚೇರಿ ತೆರೆಯಿತು. ನಮ್ಮ ಮಗ ಎಲ್ಲಿ, ಬದುಕಿದ್ದಾನೆಯೇ ಎಂದು ಕೇಳುವ ಪತ್ರಗಳು ದಿನವೂ ಚೀಲಗಟ್ಟಲೆ ಬರುತ್ತಿದ್ದವು. ಒಬ್ಬೊಬ್ಬರಿಗೂ ಕಾರ್ಡು ಬರೆದು, ಹೆಸರು ಹೊಂದಿಸಿ, ಉತ್ತರ ಕಳಿಸುತ್ತಿದ್ದರು. ಹಾಗೆ ಕೂಡಿದ ಕಾರ್ಡುಗಳು ಸುಮಾರು 70 ಲಕ್ಷ. ಬರೆಯುತ್ತಿದ್ದ ಸ್ವಯಂಸೇವಕರಲ್ಲಿ ಹೆಸರಾಂತ ಫ್ರೆಂಚ್ ಲೇಖಕ ರೊಮೇ ರೋಲಾ ಕೂಡ ಇದ್ದರು.

ಅವರು ಯಾರ ಸೈನಿಕ?

ಒಂಬತ್ತನೆಯ ತರಗತಿಯಲ್ಲಿ ನಾನು ಕಲ್ಯಾಣರ ಕಥೆ ಹೇಳಿದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದುನಿಂತು ಕೇಳಿದಳು: “ಮಿಸ್, ಅವರು ನಮ್ಮ ಸೈನಿಕರಾ, ಬ್ರಿಟಿಷರ ಸೈನಿಕರಾ?” ತರಗತಿ ಎರಡು ಪಾಲಾಯಿತು. ಸಂಬಳ ಕೊಟ್ಟವರು ಬ್ರಿಟಿಷರು, ಅವರಿಗಾಗಿಯೇ ಹೋದದ್ದು ಎಂದರು ಕೆಲವರು. ಬಂಗಾಳಿಯಲ್ಲಿ ಅಮ್ಮನಿಗೆ ಬರೆದರಲ್ಲ, ನಮ್ಮವರೇ ಎಂದರು ಉಳಿದವರು. ಗಲಾಟೆ ಜೋರಾದಾಗ ಅದೇ ಹುಡುಗಿ, “ರೋಗಿಗಳಿಗೆ ಹಾಗೆಲ್ಲ ಅನ್ನಿಸಿರಲ್ಲ ಬಿಡಿ” ಎಂದು ಕೂತುಬಿಟ್ಟಳು. ನನ್ನ ಉತ್ತರ ಅವಳಿಗಿಂತ ಚೆನ್ನಾಗಿರಲಿಲ್ಲ.

ಆ ಪ್ರಶ್ನೆಯಿಂದಾಗಿಯೇ ಇಂಥವರು ನಮ್ಮ ನೆನಪಿನಿಂದ ಜಾರಿದ್ದು ಎಂದು ನನಗನ್ನಿಸುತ್ತದೆ. ಬ್ರಿಟಿಷರಿಗೆ ಅವರು ಹೊರಗಿನವರು. ಸ್ವಾತಂತ್ರ್ಯ ಹೋರಾಟದ ಕಾವಿನಲ್ಲಿದ್ದ ದೇಶಕ್ಕೆ ಅವರು ಪರರ ಚಾಕರಿಗೆ ಹೋದವರು. ಎರಡು ಕಡೆಯೂ ಜಾಗವಿಲ್ಲದವರಿಗೆ ಉಳಿಯುವುದು ಮನೆಯೊಂದೇ. ಮೋಕ್ಷದಾ ದೇವಿ ಮಾಡಿದ್ದು ಅದನ್ನೇ. ಸ್ಮಾರಕ ಯಾರೂ ಕಟ್ಟಲಿಲ್ಲ ಎಂದು ಕೂರದೆ ತಾವೇ ಬರೆದರು. ಮೊಮ್ಮಗನನ್ನು ವೀರನೆಂದು ಹೊಗಳಿ ಮುಗಿಸಲಿಲ್ಲ. ಅವನು ಯುದ್ಧವನ್ನು ಪ್ರಶ್ನಿಸಿದ ಮಾತನ್ನೂ ಇದ್ದಂತೆಯೇ ಅಚ್ಚು ಹಾಕಿಸಿದರು. ಆಗ ದೇಶವನ್ನು ಆಳುತ್ತಿದ್ದವರು ಬ್ರಿಟಿಷರೇ ಎಂಬುದನ್ನು ನೆನಪಿಡಬೇಕು.

ನಿಮ್ಮ ಅಟ್ಟದ ಮೇಲೆ ಏನಿದೆ?

ಎಲ್ಲರ ಮನೆಯಲ್ಲೂ ಯುದ್ಧಕ್ಕೆ ಹೋದವರು ಇರಲಿಕ್ಕಿಲ್ಲ. ಮಿಲಿಟರಿಯಲ್ಲಿದ್ದ ಮಾವ, ಬೊಂಬಾಯಿಗೆ ದುಡಿಯಲು ಹೋದ ತಾತ, ದೂರದೂರಿನಿಂದ ಬರೆಯುತ್ತಿದ್ದ ಸೋದರತ್ತೆ ಇದ್ದೇ ಇರುತ್ತಾರೆ. ಅವರ ನೀಲಿ ಇನ್‌ಲ್ಯಾಂಡ್ ಪತ್ರಗಳು, ಮನಿಯಾರ್ಡರ್ ಚೀಟಿಗಳು, ಕಪ್ಪು-ಬಿಳುಪು ಫೋಟೊಗಳು ಟ್ರಂಕಿನ ತಳದಲ್ಲಿ ಮಲಗಿರುತ್ತವೆ. ಮನೆ ಬದಲಾಯಿಸುವಾಗ, ಸುಣ್ಣ ಬಳಿಸುವಾಗ ಅವು ರದ್ದಿಗೆ ಹೋಗುತ್ತವೆ. ಅದಕ್ಕೂ ಮುಂಚೆ ಕೆಲವು ಕೆಲಸ ಮಾಡಬಹುದು. ಮಕ್ಕಳೂ ಮಾಡಬಹುದಾದ ಕೆಲಸ.

ಹಳೆಯ ಪತ್ರಕ್ಕೆ ಲ್ಯಾಮಿನೇಷನ್ ಮಾಡಿಸಬೇಡಿ, ಆಮೇಲೆ ಬಿಡಿಸಲಾಗದು. ಹರಿದಲ್ಲಿ ಸೆಲ್ಲೋಟೇಪ್ ಅಂಟಿಸಬೇಡಿ, ಕೆಲವೇ ವರ್ಷಗಳಲ್ಲಿ ಹಳದಿಗಟ್ಟಿ ಅಕ್ಷರವನ್ನೇ ತಿನ್ನುತ್ತದೆ. ಗುಂಡುಪಿನ್ನು, ಸ್ಟೇಪಲ್ ಪಿನ್ನು ತುಕ್ಕು ಹಿಡಿಯುತ್ತವೆ, ಮೆಲ್ಲಗೆ ತೆಗೆದುಬಿಡಿ. ಮಡಿಕೆ ಬಿಡಿಸಿ, ಒಗೆದು ಒಣಗಿಸಿದ ಹತ್ತಿಬಟ್ಟೆಯಲ್ಲಿ ಸುತ್ತಿ, ತೇವ ಮತ್ತು ಬಿಸಿಲು ತಾಗದ ಕಡೆ ಇಡಿ. ನೆರಳಿನ ಬೆಳಕಿನಲ್ಲಿ ಮೊಬೈಲಿನಿಂದ ಒಂದೊಂದು ಪುಟದ ಫೋಟೊ ತೆಗೆದು, ಮನೆಯ ಇಬ್ಬರು ಮೂವರ ಬಳಿ ಇರುವಂತೆ ಹಂಚಿಕೊಳ್ಳಿ.

ಎಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಫೋಟೊದಲ್ಲಿರುವವರು ಯಾರು, ಪತ್ರದಲ್ಲಿ ‘ಚಿಕ್ಕಿ’ ಎಂದರೆ ಯಾರು, ‘ಆ ವಿಷಯ’ ಎಂದರೆ ಯಾವ ವಿಷಯ ಎಂಬುದನ್ನು ಗೊತ್ತಿರುವ ಹಿರಿಯರು ಇರುವಾಗಲೇ ಕೇಳಿ ಬರೆದಿಡಿ. ಫೋಟೊದ ಹಿಂದೆ ಪೆನ್ಸಿಲಿನಿಂದ ಹಗುರವಾಗಿ ಹೆಸರು, ಊರು, ವರ್ಷ ಬರೆಯಿರಿ. ಹೇಳುವವರು ಹೋದ ಮೇಲೆ ಕಾಗದವೂ ಅರ್ಧ ಮೂಕವಾಗುತ್ತದೆ. ಕಲ್ಯಾಣರ ಪತ್ರಗಳನ್ನು ಸುಮ್ಮನೆ ಟ್ರಂಕಿನಲ್ಲಿಟ್ಟಿದ್ದರೆ ಅವು ಒಂದು ಮನೆಯ ದುಃಖವಾಗಿಯೇ ಮುಗಿದುಹೋಗುತ್ತಿದ್ದವು. ಆ ಪತ್ರಗಳಲ್ಲಿ ಬರುವ ಊರು ಯಾವುದು, ಆ ದಿನ ಯಾವ ಕಾಳಗ ಎಂದು ಹುಡುಕಿ ಹೊಂದಿಸಿ ಹೇಳುವ ಶ್ರಮವನ್ನು ಎಂಬತ್ತು ವರ್ಷದ ಜೀವವೊಂದು ಪಟ್ಟಿತು. ಅದಕ್ಕೇ ಇಂದು ಬಂಗಾಳದ ಆ ಮನೆಯ ಮಗನ ವಿಷಯ ಕನ್ನಡದ ಮನೆಯೊಂದರಲ್ಲಿ ಕೂತು ನೀವು ಓದುತ್ತಿದ್ದೀರಿ.

ಪ್ರದೀಪ ಎಂದರೆ ನಮ್ಮಲ್ಲೂ ದೀಪವೇ. ಅಜ್ಜಿ ಪುಸ್ತಕಕ್ಕೆ ಆ ಹೆಸರಿಟ್ಟದ್ದು ಸುಮ್ಮನೆ ಅಲ್ಲ.